ಸಿಕ್ಕಿದ ಮಗಳು ಯಾರ ಮನೆಗೆ? ಕೇಪ್ ಟೌನ್‌ನ ಒಂದು ಪ್ರಕರಣ

ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಗ್ರೂಟ್ ಶೂರ್ ಅಂತ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. 1967ರಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ನಡೆದದ್ದು ಇಲ್ಲೇ. ಅದೇ ಆಸ್ಪತ್ರೆಯಲ್ಲಿ 1997ರ ಏಪ್ರಿಲ್ 28ರಂದು ಒಂದು ಹೆಣ್ಣು ಮಗು ಹುಟ್ಟಿತು. ಸಿಸೇರಿಯನ್ ಹೆರಿಗೆ. ಹೆತ್ತವರು ಝೆಫನಿ ಅಂತ ಹೆಸರಿಟ್ಟರು. ಏಪ್ರಿಲ್ 30ರಂದು ತಾಯಿ ನಿದ್ದೆಯಿಂದ ಎದ್ದು ನೋಡಿದರೆ ಪಕ್ಕದಲ್ಲಿ ಮಗು ಇಲ್ಲ.

ಆಸ್ಪತ್ರೆಯೆಲ್ಲ ಹುಡುಕಿದರು, ಪೊಲೀಸರು ಬಂದರು, ಪೇಪರ್‌ಗಳಲ್ಲಿ ಬಂತು. ಮಗು ಸಿಗಲಿಲ್ಲ. ಆ ದಂಪತಿಗೆ ಮುಂದೆ ಇನ್ನೂ ಮೂರು ಮಕ್ಕಳಾದವು. ಆಮೇಲೆ ಗಂಡ ಹೆಂಡತಿ ಬೇರೆಯಾದರು. ಆದರೂ ಪ್ರತಿ ವರ್ಷ ಏಪ್ರಿಲ್ ಬಂದರೆ ಝೆಫನಿಯ ಹುಟ್ಟುಹಬ್ಬ ಮಾಡುವುದನ್ನು ಅವರು ಬಿಡಲಿಲ್ಲ.

2015ರ ಜನವರಿಯಲ್ಲಿ ಆ ಮನೆಯ ಎರಡನೇ ಮಗಳು ಹೈಸ್ಕೂಲಿಗೆ ಸೇರಿದಳು. ಅದೇ ಶಾಲೆಯಲ್ಲಿ ಒಬ್ಬ ದೊಡ್ಡ ಹುಡುಗಿ ಕೊನೆಯ ವರ್ಷ ಓದುತ್ತಿದ್ದಳು. ‘ನೀವಿಬ್ಬರೂ ಥೇಟ್ ಅಕ್ಕ ತಂಗಿ ಥರ ಇದ್ದೀರಲ್ಲ’ ಅಂತ ಶಾಲೆಯ ಮಕ್ಕಳೆಲ್ಲ ಹೇಳತೊಡಗಿದರು. ಇಬ್ಬರಿಗೂ ಸ್ನೇಹವಾಯಿತು. ಚಿಕ್ಕವಳು ಮನೆಯಲ್ಲಿ ಹೇಳಿದಳು. ಅಪ್ಪ ಆ ಹುಡುಗಿಯನ್ನು ನೋಡಿದ, ಪೊಲೀಸರ ಬಳಿ ಹೋದ. ಡಿಎನ್‌ಎ ಪರೀಕ್ಷೆ ಆಯಿತು, ತಾಳೆಯಾಯಿತು. ಫೆಬ್ರವರಿ ಕೊನೆಗೆ ಸಾಕಿದ ತಾಯಿಯ ಬಂಧನವಾಯಿತು. ಇಷ್ಟು ವರ್ಷ ಎರಡು ಮನೆಗಳ ನಡುವೆ ಇದ್ದ ದೂರ ಕೆಲವೇ ಕಿಲೋಮೀಟರ್.

ಪತ್ತೆಯಾದ ಕಥೆ ಇಷ್ಟು. ಟಿವಿಯವರು, ಪೇಪರಿನವರು ಇದನ್ನೇ ಎಷ್ಟೋ ಸಲ ಹೇಳಿದ್ದಾರೆ. ನನಗೆ ಇಲ್ಲಿ ಬೇಕಿರುವುದು ಆಮೇಲಿನ ಎರಡು ತಿಂಗಳು. ಯಾಕೆಂದರೆ ಆ ಹುಡುಗಿಗೆ 18 ತುಂಬಲು ಉಳಿದಿದ್ದು ಅಷ್ಟೇ. ಅಷ್ಟರೊಳಗೆ ಮಕ್ಕಳ ಕಲ್ಯಾಣದ ಕೆಲಸದವರು ಒಂದು ಕಡೆ ಕಾನೂನು, ಇನ್ನೊಂದು ಕಡೆ ಎರಡು ಮನೆ, ನಡುವೆ ಯಾರ ಮಾತನ್ನೂ ನಂಬಲಾಗದ ಒಬ್ಬ ಹುಡುಗಿ, ಇಷ್ಟನ್ನೂ ನಿಭಾಯಿಸಬೇಕಿತ್ತು. (ಅವಳ ಹೆಸರಿನ ವಿಷಯ ಮುಂದೆ ಬರುತ್ತದೆ. ಅಲ್ಲಿಯವರೆಗೆ ‘ಹುಡುಗಿ’ ಅಂತಲೇ ಬರೆಯುತ್ತೇನೆ. ಝೆಫನಿ ಎನ್ನುವುದು ಬೇರೆಯವರು ಅವಳನ್ನು ಕರೆದ ಹೆಸರು.)

ಹೆಡ್‌ಮಾಸ್ಟರ್ ಕೋಣೆಯಲ್ಲಿ

ಹುಡುಗಿಗೆ ಒಂದು ದಿನ ಹೆಡ್‌ಮಾಸ್ಟರ್ ಕೋಣೆಯಿಂದ ಕರೆ ಬಂತು. ಒಳಗೆ ಸಮಾಜ ಕಾರ್ಯಕರ್ತರು ಕೂತಿದ್ದರು. 17 ವರ್ಷದ ಹಿಂದೆ ಆಸ್ಪತ್ರೆಯಿಂದ ಕಳುವಾದ ಮಗುವಿನ ಕಥೆ ಹೇಳಿದರು. ಆ ಮಗು ನೀನೇ ಇರಬಹುದು ಅಂದರು. ಹುಡುಗಿ ಒಪ್ಪಲಿಲ್ಲ. ತಾನು ಹುಟ್ಟಿದ್ದು ಗ್ರೂಟ್ ಶೂರ್‌ನಲ್ಲಿ ಅಲ್ಲ, ರಿಟ್ರೀಟ್ ಬಡಾವಣೆಯ ಆಸ್ಪತ್ರೆಯಲ್ಲಿ, ಜನನ ಪ್ರಮಾಣಪತ್ರದಲ್ಲಿ ಹಾಗೇ ಇದೆ ಅಂದಳು. ಆ ಆಸ್ಪತ್ರೆಯಲ್ಲಿ ಅಂಥ ದಾಖಲೆಯೇ ಇಲ್ಲ ಅಂತ ಇವರು ಹೇಳಿದರು. ಹಾಗಾದರೆ ಪರೀಕ್ಷೆ ಮಾಡಿ, ನಿಮ್ಮದೇ ತಪ್ಪು ಅಂತ ಗೊತ್ತಾಗುತ್ತದೆ ಎಂಬ ಧೈರ್ಯದಲ್ಲಿ ಅವಳು ಡಿಎನ್‌ಎ ಪರೀಕ್ಷೆಗೆ ಒಪ್ಪಿದಳು.

ಈ ವಿಷಯ ಯಾರು ಹೇಳಬೇಕು, ಎಲ್ಲಿ ಹೇಳಬೇಕು? ಮನೆಯಲ್ಲಿ ಹೇಳಲು ಆಗುವುದಿಲ್ಲ. ಆರೋಪಿ ಇರುವುದು ಅಲ್ಲೇ. ಸುಳಿವು ಸಿಕ್ಕರೆ ಮಗುವನ್ನು ಕರೆದುಕೊಂಡು ಓಡಿಹೋಗಬಹುದು, ದಾಖಲೆ ಸುಟ್ಟುಹಾಕಬಹುದು, ತಾನೇ ಏನಾದರೂ ಮಾಡಿಕೊಳ್ಳಲೂಬಹುದು. ಪೊಲೀಸ್ ಠಾಣೆ ಇನ್ನೂ ಕೆಟ್ಟದು. ತಪ್ಪು ಮಾಡಿದ್ದು ತಾನೇನೋ ಎಂದು ಹುಡುಗಿಗೆ ಅನಿಸುತ್ತದೆ. ಹಾಗಾಗಿ ಶಾಲೆ ಅನ್ನುವುದು ಪುಸ್ತಕದ ಪ್ರಕಾರ ಸರಿಯಾದ ಉತ್ತರವೇ. ಪರಿಚಯದ ಜಾಗ, ಪರಿಚಯದ ಶಿಕ್ಷಕರು, ಪೊಲೀಸ್ ಸಮವಸ್ತ್ರ ಕಣ್ಣಿಗೆ ಬೀಳುವುದಿಲ್ಲ.

ಆದರೆ ಈ ಪ್ರಕರಣದಲ್ಲಿ ಶಾಲೆ ಸುಮ್ನೆ ಒಂದು ಜಾಗ ಅಲ್ಲ. ಎಲ್ಲ ಶುರುವಾಗಿದ್ದೇ ಅಲ್ಲಿ. ತಂಗಿ ಓದುತ್ತಿರುವುದೂ ಅಲ್ಲೇ. ಆ ವರ್ಷ ಹುಡುಗಿಗೆ ಮೆಟ್ರಿಕ್ ಪರೀಕ್ಷೆ, ಅಂದರೆ ನಮ್ಮ ಸೆಕೆಂಡ್ ಪಿಯು ಇದ್ದಂತೆ. ಅವಳ ಪಾಲಿಗೆ ಮನೆಯ ಹೊರಗೆ ಇದ್ದ ಒಂದೇ ಜಾಗ ಆ ಶಾಲೆ. ಆ ಕೋಣೆಗೆ ಅವಳನ್ನು ಕರೆದ ಗಳಿಗೆಯಿಂದ ಅದೂ ತನಿಖೆಯ ಜಾಗವಾಯಿತು. ಬೇರೆ ದಾರಿ ಇತ್ತಾ ಅಂತ ಕೇಳಿದರೆ, ಬಹುಶಃ ಇರಲಿಲ್ಲ. ಆದರೆ ಇಂಥ ಕಡೆ ಒಂದು ಕೆಲಸ ಮಾಡಬಹುದು. ಹುಡುಗಿ ನಂಬುವ ಒಬ್ಬ ಶಿಕ್ಷಕಿಯನ್ನು ಮೊದಲೇ ಗುರುತಿಸಿ, ಮಾತಿನ ಹೊತ್ತಿಗೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವುದು. ಹೊಸಬರ ಬಾಯಿಂದ ಇಂಥ ಸುದ್ದಿ ಕೇಳಿದ ಮೇಲೆ ಮಗು ಮೊದಲು ತಿರುಗಿ ನೋಡುವುದು ಪರಿಚಯದ ಒಂದು ಮುಖಕ್ಕಾಗಿ.

ಇನ್ನೊಂದು ಮಾತು. ಫಲಿತಾಂಶ ಬರುವ ಮೊದಲು ‘ಇರಬಹುದು’ ಅಂತ ಹೇಳುವುದು ಸರಿಯಾ? ಅನೇಕರು ಬೇಡ ಅನ್ನುತ್ತಾರೆ, ಸುಮ್ಮನೆ ಮಗುವಿನ ನೆಮ್ಮದಿ ಯಾಕೆ ಕೆಡಿಸಬೇಕು ಅಂತ. ನನ್ನ ಲೆಕ್ಕದಲ್ಲಿ ಹೇಳಿದ್ದು ಸರಿ. 17 ವರ್ಷದ ಹುಡುಗಿಯಿಂದ ಬೇರೆ ನೆಪ ಹೇಳಿ ಮಾದರಿ ತೆಗೆದುಕೊಂಡಿದ್ದರೆ, ಮುಂದೆ ಆ ಕಾರ್ಯಕರ್ತರ ಒಂದು ಮಾತನ್ನೂ ಅವಳು ನಂಬುತ್ತಿರಲಿಲ್ಲ. ಅದುವರೆಗೆ ಅವಳ ಬದುಕೆಲ್ಲ ಒಂದು ಸುಳ್ಳಿನ ಮೇಲೆ ನಿಂತಿತ್ತು. ಅದರ ಮೇಲೆ ಸರ್ಕಾರದ್ದೊಂದು ಸುಳ್ಳು ಬೇಕಿರಲಿಲ್ಲ.

ಅದೇ ದಿನ ರಾತ್ರಿ ಎಲ್ಲಿ ಮಲಗುವುದು

ಫಲಿತಾಂಶ ಬಂತು. ಹುಡುಗಿಗೆ ಮನೆಗೆ ಹೋಗುವ ಹಾಗಿಲ್ಲ ಅಂತ ಹೇಳಿದರು. ಸುರಕ್ಷಿತ ವಸತಿಗೆ ಕರೆದುಕೊಂಡು ಹೋದರು. ಇತ್ತ ಅಮ್ಮನ ಬಂಧನವಾಯಿತು. ಮುಂದೆ ಜಾಮೀನು ಸಿಕ್ಕಿತಾದರೂ ಮಗಳನ್ನು ಸಂಪರ್ಕಿಸಬಾರದು ಎಂಬ ಷರತ್ತು ಇತ್ತು.

ಇದನ್ನು ಹುಡುಗಿಯ ಕಡೆಯಿಂದ ನೋಡಿದರೆ ಹೀಗೆ: ಬೆಳಿಗ್ಗೆ ಅಮ್ಮ ಇದ್ದಳು. ಸಂಜೆಗೆ ಅಮ್ಮ ಇಲ್ಲ, ಮನೆ ಇಲ್ಲ, ಹೆಸರು ತನ್ನದಲ್ಲ, ಹುಟ್ಟಿದ ದಿನವೂ ತನ್ನದಲ್ಲ. ಅಪಹರಣವಾದಾಗ ಅವಳಿಗೆ ಎರಡು ದಿನ ವಯಸ್ಸು, ಅದರ ನೆನಪು ಅವಳಿಗಿಲ್ಲ. ತನ್ನವರಿಂದ ತನ್ನನ್ನು ಕಿತ್ತುಕೊಂಡರು ಅಂತ ಅವಳಿಗೆ ಅನಿಸಿದ್ದು 2015ರಲ್ಲಿ, ಅದನ್ನು ಮಾಡಿದ್ದು ಅವಳನ್ನು ಕಾಪಾಡಲು ಬಂದವರು. ಮಕ್ಕಳ ಕಲ್ಯಾಣದ ಕೆಲಸದವರು ಇದನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡಬೇಕು. ‘ನಿನ್ನನ್ನು ಬಿಡಿಸಿಕೊಂಡು ಬಂದಿದ್ದೇವೆ’ ಎಂಬ ಭಾಷೆಯಲ್ಲಿ ಮಾತು ಶುರು ಮಾಡಿದರೆ ಅಲ್ಲಿಗೇ ಬಾಗಿಲು ಮುಚ್ಚಿತು.

ದಕ್ಷಿಣ ಆಫ್ರಿಕಾದ 2005ರ ಮಕ್ಕಳ ಕಾಯ್ದೆ ಇಂಥ ಹೊತ್ತಿಗೆ ಒಂದು ದಾರಿ ಹಾಕಿಕೊಟ್ಟಿದೆ. ಮಗು ಅಪಾಯದಲ್ಲಿದೆ ಅನಿಸಿದರೆ ಮಕ್ಕಳ ನ್ಯಾಯಾಲಯದ ಆದೇಶ ಪಡೆದು ಬೇರೆಡೆಗೆ ಕರೆದೊಯ್ಯಬಹುದು. ತೀರಾ ತುರ್ತಾದರೆ ಆದೇಶವಿಲ್ಲದೆಯೂ ಸಮಾಜ ಕಾರ್ಯಕರ್ತರು ಅಥವಾ ಪೊಲೀಸರು ಕರೆದೊಯ್ಯಬಹುದು, ಆದರೆ ಕೂಡಲೇ ನ್ಯಾಯಾಲಯಕ್ಕೆ ತಿಳಿಸಬೇಕು. ಆಮೇಲೆ ಸಮಾಜ ಕಾರ್ಯಕರ್ತರು ತನಿಖೆ ಮಾಡಿ 90 ದಿನದೊಳಗೆ ವರದಿ ಕೊಡಬೇಕು. ಎಲ್ಲವೂ ಚೆನ್ನಾಗೇ ಇದೆ. ಒಂದೇ ತೊಡಕು: ಈ ಹುಡುಗಿಯ ಬಾಲ್ಯದಲ್ಲಿ 90 ದಿನ ಉಳಿದಿರಲಿಲ್ಲ. ವರದಿಗೆ ಕಾನೂನು ಕೊಡುವ ಗಡುವಿಗಿಂತ ಮೊದಲೇ ಅವಳು ಕಾನೂನಿನ ಕಣ್ಣಿಗೆ ದೊಡ್ಡವಳಾಗುತ್ತಿದ್ದಳು.

ಹಾಗಾದರೆ ಎರಡು ತಿಂಗಳಿಗೋಸ್ಕರ ಅವಳನ್ನು ಮನೆ ಬಿಡಿಸಬೇಕಿತ್ತಾ? ಸಾಕಿದ ತಂದೆಯ ಜೊತೆ ಬಿಡಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಮೊದಲ ದಿನಗಳಲ್ಲಿ ಆಗುತ್ತಿರಲಿಲ್ಲ. ಆ ತಂದೆಗೂ ಇದು ಗೊತ್ತಿತ್ತೇ ಇಲ್ಲವೇ ಅಂತ ಪೊಲೀಸರು ವಿಚಾರಿಸುತ್ತಿದ್ದರು. ಗೊತ್ತಿತ್ತು ಅನ್ನುವುದಕ್ಕೆ ಕೊನೆಗೂ ಸಾಕ್ಷ್ಯ ಸಿಗಲಿಲ್ಲ. ತನ್ನ ಹೆಂಡತಿ ಹೆತ್ತ ಮಗು ಅಂತಲೇ ಆತ ಸಾಕಿದ್ದ. ಗರ್ಭ ನಿಲ್ಲದೆ ಹೋಗಿದ್ದನ್ನು ಹೆಂಡತಿ ಆತನಿಂದ ಮುಚ್ಚಿಟ್ಟಿದ್ದಳು.

ಈ ಮನುಷ್ಯನ ಬಗ್ಗೆ ಸುದ್ದಿಗಳಲ್ಲಿ ಬಂದಿದ್ದು ಕಡಿಮೆ. ಆದರೆ ಪ್ರಕರಣದ ಕೀಲಿ ಇರುವುದೇ ಇವನಲ್ಲಿ. ಹುಡುಗಿಯ ಹಳೆಯ ಬದುಕಿನಲ್ಲಿ ಅಪರಾಧದ ಸೋಂಕಿಲ್ಲದೆ ಉಳಿದ ದೊಡ್ಡವರು ಅಂದರೆ ಇವನೊಬ್ಬ. ಅವನ ಮೇಲಿನ ಅನುಮಾನ ತೀರುತ್ತಿದ್ದಂತೆ, ಅವನನ್ನು ಮತ್ತೆ ಅವಳ ಬಳಿಗೆ ತರುವುದು ಹೇಗೆ ಎನ್ನುವುದೇ ಕಲ್ಯಾಣ ಕಾರ್ಯಕರ್ತರ ಮುಖ್ಯ ಕೆಲಸ ಆಗಬೇಕು. ಪೊಲೀಸರಿಗೆ ಅವನು ಒಬ್ಬ ಸಾಕ್ಷಿ. ಹೆತ್ತವರಿಗೆ ಅವನು ಕಳ್ಳಿಯ ಗಂಡ. ರಕ್ತದ ಲೆಕ್ಕದಲ್ಲಿ ಯಾರೂ ಅಲ್ಲ, ಕಾಗದದ ಮೇಲಿನ ಅಪ್ಪನ ಸ್ಥಾನವೂ ಸುಳ್ಳು ದಾಖಲೆಯ ಮೇಲೆ ನಿಂತದ್ದು. ಹುಡುಗಿಗೆ ಮಾತ್ರ ಅವನು ಅಪ್ಪ. ಈ ಕೊನೆಯ ಸಾಲನ್ನು ಕಡತದಲ್ಲಿ ಬರೆಯುವ ಅಧಿಕಾರ ಇರುವುದು ಸಮಾಜ ಕಾರ್ಯಕರ್ತರಿಗೆ. ಅವರು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಠಾಣೆಯಲ್ಲಿ ಅಪ್ಪುಗೆ

ಹೆತ್ತವರು ಮಗಳನ್ನು ಮೊದಲ ಸಲ ಮಗಳು ಅಂತ ನೋಡಿದ್ದು ಪೊಲೀಸ್ ಠಾಣೆಯಲ್ಲಿ. ತಬ್ಬಿಕೊಂಡು ಅತ್ತರು. 17 ವರ್ಷ ಕಾದವರು, ಅಳದೆ ಇರುತ್ತಾರೆಯೇ? ಆದರೆ ಆ ಅಪ್ಪುಗೆಯಲ್ಲಿ ತನಗೆ ಮುಜುಗರವಾಯಿತು, ಅವರಿಗೆ ಆದದ್ದು ತನಗೆ ಆಗಲಿಲ್ಲ ಅಂತ ಹುಡುಗಿ ಮುಂದೆ ದೊಡ್ಡವಳಾದ ಮೇಲೆ ಹೇಳಿಕೊಂಡಿದ್ದಾಳೆ.

ಇಲ್ಲಿ ಕೆಲಸ ಸರಿಯಾಗಿ ಆಗಲಿಲ್ಲ ಅಂತ ನನಗೆ ಅನಿಸುತ್ತದೆ. ತಪ್ಪು ಯಾರದ್ದು ಅನ್ನುವುದು ಬೇರೆ ಮಾತು. ಡಿಎನ್‌ಎ ಹೊಂದಿತು, ಪೊಲೀಸರಿಗೆ ಪ್ರಕರಣ ಗೆದ್ದ ಖುಷಿ, ಹೆತ್ತವರಿಗೆ ಇನ್ನೊಂದು ಗಳಿಗೆ ಕಾಯುವ ತಾಳ್ಮೆ ಇಲ್ಲ, ಪೇಪರಿನವರು ಹೊರಗಡೆ. ಎಲ್ಲರಿಗೂ ಅವಸರ, ಒಬ್ಬಳನ್ನು ಬಿಟ್ಟು. ಇಂಥ ಮೊದಲ ಭೇಟಿಗೆ ತಯಾರಿ ಬೇಕು ಅಂತ ಈ ಕೆಲಸದಲ್ಲಿ ಇರುವವರೆಲ್ಲ ಹೇಳುತ್ತಾರೆ. ಹೆತ್ತವರ ಜೊತೆ ಮೊದಲೇ ಬೇರೆಯಾಗಿ ಕೂತು ಮಾತಾಡಬೇಕು: ನೀವು ಓಡಿ ಹೋಗಿ ತಬ್ಬಬೇಡಿ, ಅವಳೇ ಹತ್ತಿರ ಬಂದರೆ ಸರಿ. ‘ಅಮ್ಮ ಅನ್ನು’ ಅಂತ ಕೇಳಬೇಡಿ. ಅವಳನ್ನು ಸಾಕಿದವಳನ್ನು ಅವಳ ಎದುರಿಗೆ ಬೈಯಬೇಡಿ. ಭೇಟಿ ಚಿಕ್ಕದಿರಲಿ, ಸಾಕು ಅನಿಸಿದಾಗ ನಿಲ್ಲಿಸುವ ಹಕ್ಕು ಹುಡುಗಿಯ ಕೈಯಲ್ಲಿರಲಿ. ಬೆಳೆದ ಮಕ್ಕಳಾದರೆ ಮೊದಲು ಒಂದು ಪತ್ರ, ಕೆಲವು ಫೋಟೊ ಕಳಿಸುವುದೂ ಉಂಟು. ಅವಳು ಒಬ್ಬಳೇ ಇದ್ದಾಗ, ತನಗೆ ಬೇಕಾದಾಗ ನೋಡಲಿ ಅಂತ.

ಹೆತ್ತವರಿಗೆ ಇದನ್ನು ಹೇಳುವುದು ಸುಲಭವಲ್ಲ. ಅವರ ಮನಸ್ಸಿನಲ್ಲಿ ಇರುವುದು ಎರಡು ದಿನದ ಮಗು. ಎದುರಿಗೆ ಬಂದು ನಿಂತದ್ದು ತನ್ನದೇ ಇಷ್ಟ, ಸಿಟ್ಟು, ಗೆಳತಿಯರು ಇರುವ ಹದಿನೇಳರ ಹುಡುಗಿ. ಅವರು ಹುಡುಕುತ್ತಿದ್ದ ಮಗು ಇನ್ನು ಯಾವತ್ತೂ ಸಿಗುವುದಿಲ್ಲ. ಅದು ಗೊತ್ತಾಗುವುದು ಮಗಳು ಸಿಕ್ಕ ಮೇಲೆ. ಎಷ್ಟೋ ಕುಟುಂಬಗಳು ಮಗು ಸಿಕ್ಕ ಕೆಲವೇ ತಿಂಗಳಲ್ಲಿ ಕುಸಿಯುವುದು ಈ ಕಾರಣಕ್ಕೆ. ಹೆತ್ತವರಿಗೂ ಪ್ರತ್ಯೇಕ ಆಪ್ತಸಮಾಲೋಚನೆ ಬೇಕು, ಮಗುವನ್ನು ನೋಡಿಕೊಳ್ಳುವವರೇ ಇವರನ್ನೂ ನೋಡಿಕೊಳ್ಳಬಾರದು. ಒಬ್ಬರೇ ಎರಡೂ ಕಡೆ ಇದ್ದರೆ ಹುಡುಗಿ ಹೇಳಿದ್ದು ಹೆತ್ತವರಿಗೆ ಗೊತ್ತಾಗುತ್ತದೆ ಎಂಬ ಭಯ ಅವಳಿಗೆ ಇದ್ದೇ ಇರುತ್ತದೆ.

ಇನ್ನು ಆ ತಂಗಿ. ಹೈಸ್ಕೂಲಿಗೆ ಆಗಷ್ಟೇ ಸೇರಿದವಳು. ಶಾಲೆಯಲ್ಲಿ ಒಬ್ಬ ದೊಡ್ಡ ಗೆಳತಿ ಸಿಕ್ಕಳು ಅಂತ ಮನೆಯಲ್ಲಿ ಖುಷಿಯಿಂದ ಹೇಳಿದ್ದಷ್ಟೇ ಅವಳು ಮಾಡಿದ್ದು. ಅದರ ಮೇಲೆ ಒಬ್ಬ ಹೆಂಗಸು ಜೈಲಿಗೆ ಹೋದಳು, ಗೆಳತಿ ಶಾಲೆಯಿಂದ ಸೀದಾ ಸರ್ಕಾರಿ ವಸತಿಗೆ ಹೋದಳು. ಅಕ್ಕ ಸಿಕ್ಕಳು ಅಂತ ಎಲ್ಲರೂ ಕುಣಿಯುವಾಗ ಆ ಅಕ್ಕ ತನ್ನ ಮುಖ ನೋಡಲೂ ಇಷ್ಟಪಡದಿದ್ದರೆ? ಇಂಥ ಪ್ರಕರಣಗಳ ಕಡತದಲ್ಲಿ ಒಡಹುಟ್ಟಿದವರಿಗೆ ಒಂದು ಪುಟವೂ ಇರುವುದಿಲ್ಲ. ಕಳೆದ ಮಗುವಿನ ನೆರಳಿನಲ್ಲೇ ಬೆಳೆದ ಮಕ್ಕಳು ಅವರು. ಮಗು ಸಿಕ್ಕ ದಿನದಿಂದ ಮನೆಯಲ್ಲಿ ಅವರ ಕಡೆ ತಿರುಗಿ ನೋಡುವವರು ಇನ್ನೂ ಕಡಿಮೆ.

ಬಲಿಯಾದವಳು ಯಾರು

ವಿಚಾರಣೆ ನಡೆಯಿತು. ಮಗುವನ್ನು ತಾನು ಕದಿಯಲಿಲ್ಲ, ಒಬ್ಬ ಹೆಂಗಸು ರೈಲು ನಿಲ್ದಾಣದಲ್ಲಿ ತಂದುಕೊಟ್ಟಳು ಅಂತ ಆರೋಪಿ ಹೇಳಿದಳು. ನ್ಯಾಯಾಲಯ ನಂಬಲಿಲ್ಲ. 2016ರ ಮಾರ್ಚ್‌ನಲ್ಲಿ ಅಪಹರಣ, ವಂಚನೆ ಮತ್ತು ಮಕ್ಕಳ ಕಾಯ್ದೆಯ ಉಲ್ಲಂಘನೆ ಸಾಬೀತಾಯಿತು. ಆಗಸ್ಟ್‌ನಲ್ಲಿ 10 ವರ್ಷ ಶಿಕ್ಷೆ ವಿಧಿಸಿದರು.

ಕಾನೂನಿನ ಪ್ರಕಾರ ಹುಡುಗಿ ಈ ಅಪರಾಧದ ಸಂತ್ರಸ್ತೆ. ಅವಳ ಮನಸ್ಸಿನ ಪ್ರಕಾರ ಜೈಲಿಗೆ ಹೋದದ್ದು ತನ್ನ ಅಮ್ಮ. ಅವಳು ಜೈಲಿಗೆ ಹೋಗಿ ಆಕೆಯನ್ನು ನೋಡಿ ಬಂದಳು, ಅಮ್ಮ ಅಂತಲೇ ಕರೆದಳು. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ‘ಅಪಹರಿಸಿದವಳ ಮೇಲೆ ಪ್ರೀತಿ’ ಅಂದ ಕೂಡಲೇ ಜನ ಸ್ಟಾಕ್‌ಹೋಮ್ ಸಿಂಡ್ರೋಮ್ ಅಂತ ಹಣೆಪಟ್ಟಿ ಅಂಟಿಸುತ್ತಾರೆ. ಇಲ್ಲಿ ಅದು ಸಲ್ಲ. ಬೆದರಿಸಿ ಕೂಡಿಹಾಕಿದವಳ ಮೇಲೆ ಹುಟ್ಟಿದ ವಿಚಿತ್ರ ಬಂಧ ಅಲ್ಲ ಇದು. ಹಾಲು ಕುಡಿಸಿ, ಜ್ವರ ಬಂದಾಗ ಎದ್ದು ಕೂತು, ಶಾಲೆಗೆ ಕಳಿಸಿದವಳ ಮೇಲೆ ಯಾವ ಮಗುವಿಗಾದರೂ ಬೆಳೆಯುವ ಪ್ರೀತಿ. ಆ ಹೆಂಗಸು ಮಾಡಿದ್ದು ಘೋರ ಅಪರಾಧ, ಮಗಳನ್ನು ಚೆನ್ನಾಗಿ ಸಾಕಿದ್ದೂ ನಿಜ. ಈ ಎರಡರಲ್ಲಿ ಒಂದನ್ನು ಸುಳ್ಳು ಮಾಡು ಅಂತ ಹುಡುಗಿಯನ್ನು ಒತ್ತಾಯಿಸಬಾರದು.

ಆಪ್ತಸಮಾಲೋಚಕರು ಎಡವುವುದು ಇಲ್ಲೇ ಜಾಸ್ತಿ. ಒಳ್ಳೆಯ ಉದ್ದೇಶದಿಂದಲೇ ‘ಅವಳು ನಿನಗೆ ಮೋಸ ಮಾಡಿದಳು, ಸಿಟ್ಟು ಬರಬೇಕು, ಹೊರಗೆ ಹಾಕು’ ಅನ್ನುತ್ತಾರೆ. ಸಿಟ್ಟು ಬರಬಹುದು, ಆದರೆ ಅದು ಬರಬೇಕಾದ ದಿನ ತಾನೇ ಬರುತ್ತದೆ. ಅದು ಹತ್ತು ವರ್ಷ ಬಿಟ್ಟು, ತನಗೇ ಮಗುವಾದ ದಿನ ಬರಬಹುದು. ಹೆತ್ತ ತಾಯಿ ಕಳೆದುಕೊಂಡದ್ದು ಏನು ಅಂತ ಅವತ್ತು ಅವಳಿಗೆ ಮೈಗೆ ತಟ್ಟಬಹುದು. ಅದಕ್ಕಾಗಿಯೇ ಹೆತ್ತವರ ಕಡೆಯ ಬಾಗಿಲನ್ನು ಪೂರ್ತಿ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವುದೂ ಕಾರ್ಯಕರ್ತರ ಕೆಲಸ. ಅವರ ಪತ್ರ, ಹುಟ್ಟುಹಬ್ಬದ ಫೋಟೊ, ಅಜ್ಜಿ ತಾತನ ವಿವರ, ಮನೆತನದಲ್ಲಿ ಯಾರಿಗಾದರೂ ಕಾಯಿಲೆ ಇದ್ದರೆ ಅದರ ವಿವರ, ಇಷ್ಟನ್ನು ಒಂದು ಕಡೆ ಇಟ್ಟಿರಬೇಕು. ಅವಳು ಕೇಳಿದ ದಿನ ಕೊಡಲು ಬರಬೇಕು.

18 ತುಂಬಿದ ದಿನ

ಏಪ್ರಿಲ್ ಕೊನೆಗೆ ಅವಳಿಗೆ 18 ಆಯಿತು. ಇನ್ನು ಎಲ್ಲಿರಬೇಕು ಅನ್ನುವುದು ಅವಳ ಇಷ್ಟ. ಅವಳು ಸಾಕಿದ ತಂದೆಯ ಮನೆಗೆ ಹೋದಳು. ಹೆತ್ತವರ ಜೊತೆ ಆಗಾಗ ಭೇಟಿ ನಡೆದರೂ ಸಂಬಂಧ ಕುದುರಲಿಲ್ಲ.

ಇದನ್ನು ಕಲ್ಯಾಣ ಇಲಾಖೆಯ ಸೋಲು ಅಂತ ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಮಗಳನ್ನು ಹೆತ್ತವರಿಗೆ ತಲುಪಿಸುವುದೇ ಗುರಿ ಅಂತ ಹಿಡಿದರೆ ಸೋಲು ಹೌದು. ಆದರೆ ಆ ದೇಶದ ಸಂವಿಧಾನದ 28ನೇ ವಿಧಿ ಹೇಳುವುದು ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಅಂತ. ಮಕ್ಕಳ ಕಾಯ್ದೆಯೂ ತಿಳಿವಳಿಕೆ ಬಂದ ಮಗುವಿನ ಮಾತಿಗೆ ಬೆಲೆ ಕೊಡಬೇಕು ಅನ್ನುತ್ತದೆ. ಅವಳು ಓಡಿಹೋಗಲಿಲ್ಲ, ಗುರುತು ಪರಿಚಯ ಇಲ್ಲದ ಕಡೆ ಸೇರಿಕೊಳ್ಳಲಿಲ್ಲ. ಎರಡು ತಿಂಗಳ ಬಿರುಗಾಳಿಯ ನಂತರ ತನಗೆ ಭದ್ರ ಅನಿಸಿದ ಮನೆಗೆ ತಾನೇ ನಡೆದು ಹೋದಳು. ಈ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ಫಲ ಸಿಗಬಹುದಿತ್ತು ಅಂತ ನನಗೆ ಅನಿಸುವುದಿಲ್ಲ. ಹೆತ್ತ ತಾಯಿಗೆ ಇದು ಅನ್ಯಾಯವೇ. ಆದರೆ ಆ ಅನ್ಯಾಯ ಮಾಡಿದ್ದು 1997ರಲ್ಲಿ ಮಗು ಕದ್ದವಳು. ಅದರ ಪರಿಹಾರವನ್ನು ಮಗಳ ಕೈಯಿಂದ ಕಟ್ಟಿಸಲು ಬರುವುದಿಲ್ಲ.

18ರ ಗೆರೆಯಲ್ಲಿ ಇನ್ನೊಂದು ಅಪಾಯ ಕಾದಿತ್ತು. ಅದನ್ನು ಮೊದಲು ಕಂಡವರು ಮಕ್ಕಳ ಹಕ್ಕಿನ ವಕೀಲರು. ಅಲ್ಲಿಯವರೆಗೆ ಪತ್ರಿಕೆಗಳು ಅವಳ ಈಗಿನ ಹೆಸರು ಬರೆಯುವಂತಿರಲಿಲ್ಲ. ಝೆಫನಿ ಅನ್ನುವ ಹೆಸರು ಲೋಕಕ್ಕೆಲ್ಲ ಗೊತ್ತಿತ್ತು, ಆದರೆ ಆ ಝೆಫನಿ ಈಗ ಯಾರು ಅಂತ ಗೊತ್ತಿರಲಿಲ್ಲ. 18 ತುಂಬಿದ ಕೂಡಲೇ ಆ ರಕ್ಷಣೆ ಹೋಗುತ್ತಿತ್ತು. ಪ್ರಿಟೋರಿಯಾದ ಸೆಂಟರ್ ಫಾರ್ ಚೈಲ್ಡ್ ಲಾ ಸಂಸ್ಥೆ ಕೋರ್ಟಿಗೆ ಹೋಗಿ, ಹುಟ್ಟುಹಬ್ಬಕ್ಕೆ ಕೆಲವೇ ದಿನ ಇರುವಾಗ ಮಧ್ಯಂತರ ತಡೆ ತಂದಿತು. ಮಾಧ್ಯಮ ಸಂಸ್ಥೆಗಳು ವಿರೋಧಿಸಿದವು. ಪ್ರಕರಣ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. 2019ರ ಡಿಸೆಂಬರ್ 4ರಂದು ತೀರ್ಪು ಬಂತು: ಅಪರಾಧಕ್ಕೆ ಗುರಿಯಾದ ಮಕ್ಕಳ ಗುರುತಿಗೂ ರಕ್ಷಣೆ ಇದೆ, 18 ತುಂಬಿದರೂ ಆ ರಕ್ಷಣೆ ಕಳಚಿ ಬೀಳುವುದಿಲ್ಲ. ಕಾನೂನು ತಿದ್ದಲು ಸಂಸತ್ತಿಗೆ 24 ತಿಂಗಳು ಕೊಟ್ಟಿತು.

ತೀರ್ಪಿಗೆ ಕೆಲವು ತಿಂಗಳು ಮೊದಲು, ಅದೇ ವರ್ಷದ ಆಗಸ್ಟ್‌ನಲ್ಲಿ, ಅವಳೇ ಮುಂದೆ ಬಂದು ತನ್ನ ಹೆಸರು ಹೇಳಿದಳು: ಮಿಶೆ ಸಾಲೊಮನ್. ಸಾಕಿದವರು ಇಟ್ಟ ಹೆಸರು. ಅಷ್ಟು ಹೊತ್ತಿಗೆ ಅವಳಿಗೆ 22 ವರ್ಷ, ಎರಡು ಮಕ್ಕಳ ತಾಯಿ. ‘ತಾನೇ ಹೇಳಿಕೊಂಡ ಮೇಲೆ ಆ ತಡೆ ಯಾಕೆ ಬೇಕಿತ್ತು’ ಅಂತ ಕೆಲವರು ಕೇಳಿದರು. ಬೇಕಿದ್ದದ್ದೇ ಅದಕ್ಕೆ. ಯಾವಾಗ ಹೇಳಬೇಕು, ಹೇಳಬೇಕೋ ಬೇಡವೋ ಅನ್ನುವುದು ಅವಳ ಕೈಯಲ್ಲಿ ಇರಲಿ ಅಂತ. ಅವಳ ಬದುಕಿನ ಅಷ್ಟೂ ದೊಡ್ಡ ತೀರ್ಮಾನಗಳನ್ನು ಬೇರೆಯವರು ಮಾಡಿದ್ದರು, ಇದೊಂದನ್ನಾದರೂ ಅವಳು ಮಾಡಿದಳು.

ಇದು ನಮ್ಮಲ್ಲಿ ಆಗಿದ್ದರೆ

ಆಗಿದೆ. 2020ರ ಮೇ ಕೊನೆಯಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಬೆಂಗಳೂರಿನ ಚಾಮರಾಜಪೇಟೆಯ ಬಿಬಿಎಂಪಿ ಆಸ್ಪತ್ರೆಯಿಂದ ಆಗಷ್ಟೇ ಹುಟ್ಟಿದ ಗಂಡು ಮಗುವನ್ನು ಕದ್ದರು. ಒಂದು ವರ್ಷ ಕಳೆದ ಮೇಲೆ ಪೊಲೀಸರು ಒಬ್ಬ ಮನೋವೈದ್ಯೆಯನ್ನು ಬಂಧಿಸಿದರು. ಬಾಡಿಗೆ ತಾಯ್ತನದಿಂದ ಮಗು ಮಾಡಿಸಿಕೊಡುತ್ತೇನೆ ಅಂತ ಉತ್ತರ ಕರ್ನಾಟಕದ ಒಂದು ದಂಪತಿಯಿಂದ ಲಕ್ಷಾಂತರ ರೂಪಾಯಿ ತೆಗೆದುಕೊಂಡು, ಕದ್ದ ಮಗುವನ್ನು ಅವರ ಕೈಗೆ ಕೊಟ್ಟಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು. ಆ ದಂಪತಿ ತಮ್ಮದೇ ಮಗು ಅಂತ ನಂಬಿ ಸಾಕಿದ್ದರು. ಡಿಎನ್‌ಎ ಪರೀಕ್ಷೆಯಿಂದ ಹೆತ್ತವರು ಯಾರು ಅಂತ ಖಚಿತವಾಯಿತು.

ಕೇಪ್ ಟೌನ್ ಮತ್ತು ಚಾಮರಾಜಪೇಟೆ ನಡುವೆ ದೊಡ್ಡ ವ್ಯತ್ಯಾಸ ವಯಸ್ಸಿನದು. ಒಂದು ವರ್ಷದ ಮಗುವಿಗೆ ಮಾತಿಲ್ಲ. ಅದರ ಇಷ್ಟ ಕೇಳಲು ಬರುವುದಿಲ್ಲ. ಹೆತ್ತವರ ಜೊತೆ ಪೂರ್ತಿ ಬದುಕು ಕಟ್ಟಿಕೊಳ್ಳಲು ಇನ್ನೂ ಕಾಲವಿದೆ. ಹಾಗಾಗಿ ಮಗು ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಗೊಂದಲವಿಲ್ಲ, ಹೆತ್ತವರಿಗೇ ಹೋಗಬೇಕು. ಹೇಗೆ ಹೋಗಬೇಕು ಅನ್ನುವುದರಲ್ಲಿ ಇದೆ. ಒಂಬತ್ತು ತಿಂಗಳಿಂದ ಒಂದೂವರೆ ವರ್ಷದ ತನಕ ಮಗು ಹೊಸ ಮುಖ ಕಂಡರೆ ಹೆದರುವ, ತನ್ನವರನ್ನು ಬಿಟ್ಟಿರಲು ಒಪ್ಪದ ಕಾಲ. ಹೆತ್ತ ತಾಯಿಯೇ ಆ ಮಗುವಿಗೆ ಹೊಸ ಮುಖ.

ನಮ್ಮ ಬಾಲ ನ್ಯಾಯ ಕಾಯ್ದೆ, 2015ರ ಪ್ರಕಾರ ಇಂಥ ಮಗುವನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಪ್ರಯಾಣದ ಹೊತ್ತು ಇದರಲ್ಲಿ ಸೇರುವುದಿಲ್ಲ. ಸಮಿತಿಯಲ್ಲಿ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ ಆಗಬೇಕು, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು. ವರದಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಾರ್ಯಕರ್ತರು, ಇಲ್ಲವೇ ಸಮಿತಿ ಹೇಳಿದ ಬೇರೆಯವರು ಮಾಡುತ್ತಾರೆ. ಮಗುವಿನ ಹೆಸರು, ಫೋಟೊ, ವಿಳಾಸ ಬಯಲು ಮಾಡುವುದನ್ನು 74ನೇ ಸೆಕ್ಷನ್ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ 18 ತುಂಬಿದ ಮೇಲೂ ಈ ರಕ್ಷಣೆ ಇದೆ ಅಂತ ಬಿಡಿಸಿ ಹೇಳಿಲ್ಲ. ದಕ್ಷಿಣ ಆಫ್ರಿಕಾ ಕೋರ್ಟಿನಲ್ಲಿ ಜಗಳವಾಡಿ ಮುಚ್ಚಿದ ಸಂದು ನಮ್ಮಲ್ಲಿ ಇನ್ನೂ ತೆರೆದೇ ಇದೆ.

ಆ 15 ದಿನದ ವರದಿಯನ್ನು ನಮ್ಮಲ್ಲಿ ಎಷ್ಟೋ ಸಲ ನಮೂನೆ ತುಂಬುವ ಕೆಲಸದಂತೆ ಮಾಡುತ್ತಾರೆ: ಮನೆ ಸ್ವಂತದ್ದೋ ಬಾಡಿಗೆಯೋ, ಆದಾಯ ಎಷ್ಟು, ಶೌಚಾಲಯ ಇದೆಯಾ. ಕಳುವಾಗಿ ಸಿಕ್ಕ ಕೂಸಿನ ವರದಿಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆಗಳಿವೆ. ಅವಕ್ಕೆ ಉತ್ತರ ಇರುವುದು ಸಾಕಿದವರ ಬಳಿ. ಮಗುವನ್ನು ಏನಂತ ಕರೆಯುತ್ತಿದ್ದಿರಿ? ಯಾವ ಭಾಷೆಯಲ್ಲಿ? ಮಲಗಿಸುವಾಗ ತೊಟ್ಟಿಲೋ, ಮಡಿಲೋ? ಹಾಲು ಯಾವುದು, ರಾಗಿ ಸರಿ ಕೊಡುತ್ತಿದ್ದಿರಾ? ಯಾವ ಲಸಿಕೆ ಆಗಿದೆ? ಅತ್ತರೆ ಏನು ಮಾಡಿದರೆ ಸುಮ್ಮನಾಗುತ್ತದೆ? ಯಾವ ಹೊದಿಕೆ ಇಲ್ಲದೆ ನಿದ್ದೆ ಬರುವುದಿಲ್ಲ? ಸಾಕಿದವರನ್ನು ಆರೋಪಿಗಳ ಹಾಗೆ ಹೊರಗೆ ನಿಲ್ಲಿಸಿದರೆ ಇದರಲ್ಲಿ ಒಂದೂ ಹೆತ್ತ ತಾಯಿಗೆ ತಲುಪುವುದಿಲ್ಲ. ಅವರೂ ಮೋಸ ಹೋದವರೇ ಆಗಿದ್ದರೆ, ಒಂದೆರಡು ಸಲವಾದರೂ ಅವರ ಎದುರಿನಲ್ಲೇ ಹೆತ್ತ ತಾಯಿ ಮಗುವನ್ನು ಎತ್ತಿಕೊಳ್ಳುವ ಏರ್ಪಾಡು ಮಾಡಬಹುದು. ಪರಿಚಯದ ಕೈ ಹತ್ತಿರದಲ್ಲಿ ಇರುವಾಗ ಮಗು ಹೊಸ ಕೈಗೆ ಬೇಗ ಹೊಂದುತ್ತದೆ. ತನಿಖಾಧಿಕಾರಿ ಇದಕ್ಕೆ ಒಪ್ಪುವುದು ಕಷ್ಟ, ಸಾಕ್ಷಿಗಳ ಮೇಲೆ ಪ್ರಭಾವ ಬೀರುತ್ತದೆ ಅನ್ನುತ್ತಾರೆ. ಆಗ ಸಮಿತಿ ತನ್ನ ಮಾತು ನಡೆಸಬೇಕು. ಮಗುವಿನ ಆರೈಕೆಗೆ ಸಂಬಂಧಿಸಿದ ಆದೇಶ ಕೊಡುವ ಅಧಿಕಾರ ಸಮಿತಿಗಿದೆ, ಠಾಣೆಗಲ್ಲ.

ಮಗುವನ್ನು ಹೆತ್ತವರಿಗೆ ಒಪ್ಪಿಸಿದ ಮೇಲೂ ಕಡತ ಮುಚ್ಚಬಾರದು. ಮೊದಲ ತಿಂಗಳಲ್ಲಿ ವಾರಕ್ಕೊಮ್ಮೆ ಮನೆಗೆ ಹೋಗಿ ಬರುವವರು ಬೇಕು. ಮಗು ಊಟ ಬಿಟ್ಟಿದೆಯಾ, ರಾತ್ರಿ ಎದ್ದು ಅಳುತ್ತದೆಯಾ, ತಾಯಿಗೆ ‘ಇದು ನನ್ನನ್ನು ಒಪ್ಪುತ್ತಿಲ್ಲ’ ಅನ್ನುವ ನೋವು ಶುರುವಾಗಿದೆಯಾ ಅಂತ ನೋಡಬೇಕು. ಆ ತಾಯಿ ಕೂಲಿಗೆ ಹೋಗುವವಳಾದರೆ ಕೆಲವು ವಾರದ ಕೂಲಿ ಬಿಟ್ಟು ಮನೆಯಲ್ಲಿ ಇರಲು ಆಗುತ್ತದೆಯಾ, ಇಲ್ಲದಿದ್ದರೆ ಪ್ರಾಯೋಜಕತ್ವ ಯೋಜನೆಯಿಂದ ತಿಂಗಳಿಗಿಷ್ಟು ಅಂತ ಕೊಡಿಸಬಹುದಾ ಅನ್ನುವುದನ್ನೂ ಅದೇ ಭೇಟಿಯಲ್ಲಿ ಕೇಳಿ ಬರೆದುಕೊಳ್ಳಬೇಕು.